ಕುದಿಯುವ ಎಂಜಿನ್ನು: ಜ್ವರ ಎಲ್ಲಿ, ಬರೆ ಎಲ್ಲಿ?

ಬೇಸಿಗೆಯ ಮಧ್ಯಾಹ್ನ ಘಟ್ಟದ ರಸ್ತೆಯ ತಿರುವಿನಲ್ಲಿ ಹಳೆಯ ಅಂಬಾಸಿಡರ್ ಕಾರೊಂದು ಬಾನೆಟ್ಟು ತೆರೆದುಕೊಂಡು ನಿಂತಿರುವ ನೋಟ ನಮ್ಮ ನಾಡಿನಲ್ಲಿ ಅಪರಿಚಿತವೇನೂ ಅಲ್ಲ. ರೇಡಿಯೇಟರಿನಿಂದ ಬುಸುಗುಟ್ಟುತ್ತ ಆವಿ ಹೊರಡುತ್ತಿರುತ್ತದೆ. ಸುತ್ತ ನಾಲ್ಕು ಜನ ಸೇರಿರುತ್ತಾರೆ. ನಾಲ್ವರೂ ನಾಲ್ಕು ಬಗೆಯ ಮಾತನ್ನಾಡುತ್ತಾರೆ. ಥರ್ಮೋಸ್ಟಾಟನ್ನು ಕಿತ್ತುಹಾಕಿ ಎಂದು ಒಬ್ಬರು, ರೇಡಿಯೇಟರನ್ನೇ ಬದಲಾಯಿಸಿ ಎಂದು ಇನ್ನೊಬ್ಬರು, ನೀರಿನ ಪಂಪು ಕೆಟ್ಟಿದೆ ಎಂದು ಮತ್ತೊಬ್ಬರು, ಹಳೆಯ ಗಾಡಿಯ ಹಣೆಬರಹವೇ ಇಷ್ಟು ಎಂದು ನಾಲ್ಕನೆಯವರು. ಎಂಜಿನ್ನಿನಲ್ಲಿ ಹುಟ್ಟಿದ ಶಾಖವು ಹೊರಗೆ ಹೋಗುವ ದಾರಿಯಲ್ಲಿ ಎಲ್ಲಿ ತಡೆದು ನಿಂತಿದೆ, ಎಂಬ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಕುದಿಯುವ ಎಂಜಿನ್ನುಗಳ ವಿಷಯದಲ್ಲಿ ಈ ಗಾದೆ ದಿನನಿತ್ಯ ನಿಜವಾಗುತ್ತಿದೆ. ಒಂದಾದ ಮೇಲೊಂದು ಬಿಡಿಭಾಗಗಳನ್ನು ಬದಲಾಯಿಸುವುದು ಚಿಕಿತ್ಸೆಯಾದೀತೇ ಹೊರತು ರೋಗನಿದಾನವಾಗಲಾರದು. ನಿದಾನವಿಲ್ಲದ ಚಿಕಿತ್ಸೆಯಿಂದ ಹಣ ಪೋಲಾಗುತ್ತದೆ, ಎಂಜಿನ್ನು ಹಾಳಾಗುತ್ತದೆ, ಕೆಲವೊಮ್ಮೆ ಕೈ ಮುಖಗಳೂ ಸುಡುತ್ತವೆ. ಇಂಥ ನಿದಾನಕ್ಕೆ ಬೇಕಾದ ವಿದ್ಯೆಯಾದರೋ ಬಹುಮಟ್ಟಿಗೆ ನಮ್ಮ ಪ್ರೌಢಶಾಲೆ ಮತ್ತು ಕಾಲೇಜುಗಳ ಪಠ್ಯಪುಸ್ತಕದ ಉಷ್ಣದ ಅಧ್ಯಾಯದಲ್ಲಿಯೇ ಇದೆ. ಅದನ್ನು ಪರೀಕ್ಷೆಯ ಕೊಠಡಿಯಿಂದ ಹೊರಗೆ ತರುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು ಎಂಬುದೇ ಈ ಲೇಖನದ ವಾದ.

ಹೊಸ ಕಾರುಗಳ ಕಾಲದಲ್ಲಿ ಹಳೆಯ ಗಾಡಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್, ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ಹೆಚ್ಚು ರೂಪಾಂತರವಿಲ್ಲದೆ ಹೊರಬರುತ್ತಿತ್ತು. ಬಹುಕಾಲ ಅದಕ್ಕೆ ಶಕ್ತಿ ಕೊಟ್ಟದ್ದು ೧೪೮೯ ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ, ಎರಕದ ಕಬ್ಬಿಣದ ಪೆಟ್ರೋಲ್ ಎಂಜಿನ್ನು. ಇಂಥ ಎಂಜಿನ್ನಿನಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಇಂದಿನ ಕಾರಿನಲ್ಲಿ ಅನೇಕ ದೋಷಗಳ ಸುಳಿವನ್ನು ಗಣಕಯಂತ್ರವೇ ಒಂದು ಸಂಕೇತವಾಗಿ ತೋರಿಸುತ್ತದೆ. ಹಳೆಯ ಕಾರಿನಲ್ಲಿ ಆ ಕೆಲಸವನ್ನು ಮನುಷ್ಯನ ಬುದ್ಧಿಯೇ ಮಾಡಬೇಕು. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಗುರು ದೊರಕುವುದು ದುರ್ಲಭ.

ಮೊದಲು ಶಾಖದ ಜಮಾಖರ್ಚನ್ನು ಬರೆಯೋಣ. ಕಾರು ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಓಡುತ್ತ, ಲೀಟರಿಗೆ ೧೦ ಕಿಲೋಮೀಟರ್ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಹಾಗಾದರೆ ಗಂಟೆಗೆ ೬ ಲೀಟರ್ ಪೆಟ್ರೋಲು ಉರಿಯುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು ೩.೨ ಕೋಟಿ ಜೂಲ್ ಶಾಖ ಹೊರಬರುತ್ತದೆ. ಲೆಕ್ಕ ಹಾಕಿದರೆ ಪ್ರತಿ ಸೆಕೆಂಡಿಗೆ ಸುಮಾರು ೫೩,೦೦೦ ಜೂಲ್, ಎಂದರೆ ೫೩ ಕಿಲೋವಾಟ್ ಆಯಿತು. ಹಳೆಯ ಎಂಜಿನ್ನಿನಲ್ಲಿ ಇದರ ಕಾಲುಭಾಗದಷ್ಟು ಮಾತ್ರ ಚಕ್ರ ತಿರುಗಿಸುವ ಕೆಲಸವಾಗುತ್ತದೆ. ಉಳಿದುದರಲ್ಲಿ ದೊಡ್ಡ ಪಾಲು ಹೊಗೆಯೊಂದಿಗೆ ಹೊರಗೆ ಹೋಗುತ್ತದೆ. ಒಟ್ಟು ಶಾಖದ ಮೂರರಲ್ಲೊಂದು ಪಾಲಿನಷ್ಟನ್ನು ತಣಿಸುವ ನೀರು ಹೊತ್ತೊಯ್ಯಬೇಕಾಗುತ್ತದೆ. ಈ ಪಾಲು ಸುಮಾರು ೧೮ ಕಿಲೋವಾಟ್. ಸ್ನಾನದ ನೀರು ಕಾಯಿಸುವ ೧,೫೦೦ ವಾಟಿನ ಹೀಟರುಗಳನ್ನು ಹನ್ನೆರಡನ್ನು ಒಮ್ಮೆಗೇ ಹಚ್ಚಿಟ್ಟಂತೆ!

ಈ ಹನ್ನೆರಡು ಹೀಟರುಗಳು ಕಾಯಿಸುವುದು ಎಷ್ಟು ನೀರನ್ನು? ಎಂಟು ಲೀಟರ್ ಎಂದು ಹಿಡಿಯೋಣ. ಎಂಜಿನ್ನಿನ ಕಬ್ಬಿಣ ೧೫೦ ಕಿಲೋಗ್ರಾಮ್ ಇರಲಿ. ಇವೆರಡನ್ನೂ ೧ ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು ೧೦೦ ಕಿಲೋಜೂಲ್ ಸಾಕು. ಆದುದರಿಂದ ಶಾಖ ಹೊರಹೋಗುವ ದಾರಿ ಪೂರ್ತಿ ಮುಚ್ಚಿದರೆ, ೮೦ ಡಿಗ್ರಿಯಲ್ಲಿ ನೆಮ್ಮದಿಯಾಗಿ ಓಡುತ್ತಿದ್ದ ಎಂಜಿನ್ನು ಎರಡು ನಿಮಿಷಗಳೊಳಗೆ ೧೦೦ ಡಿಗ್ರಿ ಮುಟ್ಟುತ್ತದೆ. ಮೀಟರಿನ ಮುಳ್ಳು ಕೆಂಪು ಗುರುತಿಗೆ ಬಂದಾಗ "ಮುಂದಿನ ಊರಿನಲ್ಲಿ ನೋಡೋಣ" ಎಂದು ಓಡಿಸುವವರು ಈ ಎರಡು ನಿಮಿಷಗಳ ಲೆಕ್ಕವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಈ ಶಾಖವನ್ನು ಹೊರಹಾಕುವ ಸಮಸ್ಯೆ ಮೋಟಾರು ಕಾರಿನಷ್ಟೇ ಹಳೆಯದು. ೧೮೮೮ರಲ್ಲಿ ಬರ್ತಾ ಬೆಂಜ್ ಎಂಬ ಧೀರ ಮಹಿಳೆ ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಗಾಡಿಯಲ್ಲಿ ಇಬ್ಬರು ಮಕ್ಕಳೊಡನೆ ಜರ್ಮನಿಯ ಮಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ ಪ್ರಯಾಣ ಮಾಡಿದಳು. ಆ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದರಿಂದಲೇ ಎಂಜಿನ್ನು ತಣಿಯುತ್ತಿತ್ತು. ದಾರಿಯುದ್ದಕ್ಕೂ ನೀರು ತುಂಬುತ್ತ ಹೋಗಬೇಕಾಯಿತು. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ವಿಲ್ಹೆಲ್ಮ್ ಮೇಬಾಕ್ ಜೇನುಗೂಡಿನಂಥ ರೇಡಿಯೇಟರನ್ನು ರೂಪಿಸಿದ ಮೇಲೆ, ಅದೇ ನೀರನ್ನು ಮತ್ತೆ ಮತ್ತೆ ತಣಿಸಿ ಬಳಸುವುದು ಸುಲಭವಾಯಿತು. ಅಂಬಾಸಿಡರಿನಲ್ಲಿರುವುದು ಆ ಪರಂಪರೆಯ ಏರ್ಪಾಡೇ. ಪಂಪು ನೀರನ್ನು ಎಂಜಿನ್ನಿನೊಳಗೆ ನೂಕುತ್ತದೆ. ಕಾದ ನೀರು ಥರ್ಮೋಸ್ಟಾಟಿನ ಬಾಗಿಲನ್ನು ದಾಟಿ, ಮೇಲಿನ ರಬ್ಬರು ಕೊಳವೆಯಿಂದ ರೇಡಿಯೇಟರಿಗೆ ಬರುತ್ತದೆ. ಅಲ್ಲಿನ ಸಣ್ಣ ನಳಿಗೆಗಳಲ್ಲಿ ಇಳಿಯುತ್ತ ತಣಿದು, ಕೆಳಗಿನ ಕೊಳವೆಯಿಂದ ಮತ್ತೆ ಪಂಪಿಗೆ ಸೇರುತ್ತದೆ. ರೇಡಿಯೇಟರ್ ಎಂಬ ಹೆಸರು ವಿಕಿರಣವನ್ನು ಸೂಚಿಸಿದರೂ, ಅಲ್ಲಿ ಶಾಖ ಹೊರಹೋಗುವುದು ಮುಖ್ಯವಾಗಿ ಬೀಸುವ ಗಾಳಿಯ ಮೂಲಕ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈಗ ನಿದಾನಕ್ಕೆ ಬರೋಣ. ಮೊದಲನೆಯ ಪ್ರಶ್ನೆ: ಎಂಜಿನ್ನು ನಿಜವಾಗಿಯೂ ಬಿಸಿಯಾಗಿದೆಯೇ? ಮೀಟರು ಹೇಳಿದ್ದೆಲ್ಲ ವೇದವಾಕ್ಯವಲ್ಲ. ಹಳೆಯ ಕಾರುಗಳಲ್ಲಿ ಕೆಲವಕ್ಕೆ ಬೇಗ ಆವಿಯಾಗುವ ದ್ರವವನ್ನು ತುಂಬಿದ ಸಣ್ಣ ನಳಿಗೆಯ ಮೀಟರು, ಕೆಲವಕ್ಕೆ ವಿದ್ಯುತ್ತಿನ ಮೀಟರು. ವಿದ್ಯುತ್ತಿನ ಮೀಟರಿಗೆ ಸ್ಥಿರವಾದ ವೋಲ್ಟೇಜನ್ನು ಕೊಡುವ ಸಣ್ಣ ಸಾಧನವೊಂದಿರುತ್ತದೆ. ಅದು ಕೆಟ್ಟರೆ ತಣ್ಣಗಿರುವ ಎಂಜಿನ್ನಿಗೂ ಜ್ವರವಿದೆ ಎಂದು ಮುಳ್ಳು ಸಾರುತ್ತದೆ. ಆದುದರಿಂದ ಮೊದಲು ಇನ್ನೊಂದು ಉಷ್ಣತಾಮಾಪಕದಿಂದ ಅಳೆದು ನೋಡಬೇಕು. ದೂರದಿಂದಲೇ ಉಷ್ಣತೆಯನ್ನು ತೋರಿಸುವ ಅವಕೆಂಪು ಮಾಪಕಗಳು ಈಗ ಸುಲಭವಾಗಿ ಸಿಗುತ್ತವೆ. ಆದರೆ ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ಹೊಳೆಯುವ ಲೋಹ ತನ್ನದೇ ವಿಕಿರಣವನ್ನು ಕಡಮೆ ಸೂಸುವುದರಿಂದ ಮಾಪಕವು ನಿಜಕ್ಕಿಂತ ಕಡಮೆ ತೋರಿಸುತ್ತದೆ. ಕಪ್ಪು ಬಣ್ಣದ ಮೇಲ್ಮೈಯಲ್ಲಿ ಸರಿಯಾಗಿ ತೋರಿಸುತ್ತದೆ. ಉಪಕರಣದ ಹಿಂದಿರುವ ಭೌತಶಾಸ್ತ್ರವನ್ನು ತಿಳಿಯದವನಿಗೆ ಉಪಕರಣವೂ ಸುಳ್ಳು ಹೇಳುತ್ತದೆ.

ಎರಡನೆಯ ಪ್ರಶ್ನೆ: ಎಂಜಿನ್ನು ಯಾವಾಗ ಬಿಸಿಯಾಗುತ್ತದೆ? ಒಳ್ಳೆಯ ವೈದ್ಯನು ಜ್ವರ ಹಗಲಿಗೋ ರಾತ್ರಿಗೋ, ಬಿಟ್ಟು ಬಿಟ್ಟು ಬರುತ್ತದೆಯೋ ಎಂದು ಕೇಳುವಂತೆ, ಇಲ್ಲಿಯೂ ಕಾಲವೇ ಮುಖ್ಯ ಸಾಕ್ಷಿ.

ಊರೊಳಗೆ ನಿಂತು ನಿಂತು ಹೋಗುವಾಗ ಬಿಸಿಯೇರಿ, ಹೆದ್ದಾರಿಯಲ್ಲಿ ಓಡಿದೊಡನೆ ಇಳಿದರೆ, ದೋಷ ಗಾಳಿಯ ಕಡೆಗಿದೆ. ಓಡುವ ಕಾರಿಗೆ ಎದುರುಗಾಳಿ ತಾನಾಗಿಯೇ ಬರುತ್ತದೆ; ನಿಂತ ಕಾರಿಗೆ ಫ್ಯಾನೊಂದೇ ಗತಿ. ಹಳೆಯ ಅಂಬಾಸಿಡರಿನಲ್ಲಿ ಫ್ಯಾನು, ನೀರಿನ ಪಂಪು, ಬ್ಯಾಟರಿಗೆ ವಿದ್ಯುತ್ತು ತುಂಬುವ ಡೈನಮೊ, ಈ ಮೂರನ್ನೂ ತಿರುಗಿಸುವುದು ಒಂದೇ ಬೆಲ್ಟು. ಬಿಸಿಯೇರಿದಾಗಲೇ ಡೈನಮೊದ ಕೆಂಪು ದೀಪವೂ ಹೊತ್ತಿಕೊಂಡರೆ, ಬೆಲ್ಟು ಸಡಿಲವಾಗಿದೆ ಅಥವಾ ಹರಿದಿದೆ ಎಂದು ಬಾನೆಟ್ಟು ತೆರೆಯುವ ಮೊದಲೇ ಊಹಿಸಬಹುದು. ಎರಡು ಲಕ್ಷಣಗಳಿಗೆ ಒಂದೇ ಕಾರಣವನ್ನು ಹುಡುಕುವುದು ತರ್ಕದ ಮೊದಲ ಪಾಠ.

ಇದಕ್ಕೆ ವಿರುದ್ಧವಾಗಿ, ಊರೊಳಗೆ ಸುಮ್ಮನಿದ್ದ ಕಾರು ಹೆದ್ದಾರಿಯ ವೇಗದಲ್ಲಿ ಬಿಸಿಯೇರಿದರೆ, ದೋಷ ಬಹುಮಟ್ಟಿಗೆ ನೀರಿನ ಕಡೆಗಿದೆ. ರೇಡಿಯೇಟರಿನ ನಳಿಗೆಗಳಲ್ಲಿ ಕೆಲವು ಕಟ್ಟಿಕೊಂಡಿರಬಹುದು. ಎಂಜಿನ್ನು ಆಡಿದ ಮೇಲೆ ರೇಡಿಯೇಟರಿನ ಮುಖದ ಉದ್ದಗಲಕ್ಕೂ ಅಳೆದು ನೋಡಿದರೆ, ಕಟ್ಟಿಕೊಂಡ ಭಾಗ ನೆರೆಯ ಭಾಗಗಳಿಗಿಂತ ತಣ್ಣಗಿರುತ್ತದೆ. ಪಂಪಿನ ಎಲೆಗಳು ತುಕ್ಕು ತಿಂದು ಸವೆದಿರಬಹುದು. ಕೆಳಗಿನ ರಬ್ಬರು ಕೊಳವೆಯನ್ನು ನೋಡಲು ಮಾತ್ರ ಮರೆಯಬಾರದು. ಅದು ಪಂಪು ನೀರನ್ನು ಹೀರುವ ಕಡೆಯಲ್ಲಿರುವುದರಿಂದ, ರಬ್ಬರು ಹಳತಾಗಿ ಮೆತ್ತಗಾಗಿದ್ದರೆ ವೇಗ ಹೆಚ್ಚಿದಾಗ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ. ಕಾರು ನಿಂತೊಡನೆ ಮತ್ತೆ ದುಂಡಗಾಗುತ್ತದೆ! ನಿಂತ ಕಾರನ್ನು ಪರೀಕ್ಷಿಸುವವನಿಗೆ ಈ ಕಳ್ಳ ಎಂದಿಗೂ ಸಿಕ್ಕುವುದಿಲ್ಲ. ಸಹಾಯಕನೊಬ್ಬನು ಎಂಜಿನ್ನಿನ ವೇಗವನ್ನು ಏರಿಸುವಾಗ ಸುರಕ್ಷಿತ ದೂರದಿಂದ ಕೊಳವೆಯನ್ನು ನೋಡಬೇಕು.

ಬೆಳಗ್ಗೆ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಕುದಿಯತೊಡಗಿದರೆ, ಮುಚ್ಚಿದಂತೆಯೇ ನಿಂತ ಥರ್ಮೋಸ್ಟಾಟಿನ ಮೇಲೆ ಅನುಮಾನ ಪಡಬೇಕು. ಆಗ ಎಂಜಿನ್ನು ಕಾದಿದ್ದರೂ ಮೇಲಿನ ಕೊಳವೆ ತಣ್ಣಗೇ ಇರುತ್ತದೆ. ಎಲ್ಲಿಯೂ ಸೋರದೆ ನೀರು ದಿನದಿನವೂ ಕಡಮೆಯಾಗುತ್ತಿದ್ದರೆ, ಎಂಜಿನ್ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ, ತಣ್ಣಗಿದ್ದಾಗ ಮುಚ್ಚಳ ತೆಗೆದು ಚಾಲೂ ಮಾಡಿದಾಗ ನೀರಿನಲ್ಲಿ ಎಡೆಬಿಡದೆ ಗುಳ್ಳೆಗಳು ಏಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಂಭವ ಬಹಳ. ಬೆಳಗಿನ ಚಳಿಯಲ್ಲಿ ಹೊಗೆಕೊಳವೆಯಿಂದ ಸ್ವಲ್ಪ ಹೊತ್ತು ಬಿಳಿಯ ಆವಿ ಬಂದರೆ ಮಾತ್ರ ಗಾಬರಿಪಡಬೇಕಾಗಿಲ್ಲ. ಪೆಟ್ರೋಲು ಉರಿದಾಗ ನೀರು ಹುಟ್ಟುತ್ತದೆ ಎಂಬ ರಸಾಯನಶಾಸ್ತ್ರದ ಪಾಠವೇ ಅದಕ್ಕೆ ಸಮಾಧಾನ.

ಮೂರನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ: ಶಾಖ ಹೊರಹೋಗುವುದು ಕಡಮೆಯಾಗಿದೆಯೋ, ಹುಟ್ಟುವುದೇ ಹೆಚ್ಚಾಗಿದೆಯೋ? ಕಿಡಿ ಹಾರುವ ಕಾಲ ತಡವಾದರೆ, ಪೆಟ್ರೋಲು ಪಿಸ್ಟನ್ನು ಕೆಳಗಿಳಿಯುವಾಗಲೂ ಉರಿಯುತ್ತಲೇ ಇರುತ್ತದೆ. ಕೆಲಸವಾಗಬೇಕಾಗಿದ್ದ ಶಕ್ತಿ ಸಿಲಿಂಡರಿನ ಗೋಡೆಗಳಿಗೂ ಹೊಗೆ ಹೊರಡುವ ದ್ವಾರಗಳಿಗೂ ಶಾಖವಾಗಿ ಸೇರುತ್ತದೆ. ಗಾಳಿಗೆ ಬೆರೆಯುವ ಪೆಟ್ರೋಲು ಬೇಕಾದುದಕ್ಕಿಂತ ಕಡಮೆಯಾದರೂ ಬಿಸಿಯೇರುವುದುಂಟು. ಬ್ರೇಕು ಬಿಡದೆ ಚಕ್ರವನ್ನು ಹಿಡಿದುಕೊಂಡಿದ್ದರೆ, ಎಂಜಿನ್ನು ಸದಾ ಏರುದಾರಿಯಲ್ಲಿ ಎಳೆಯುವಂತೆ ದುಡಿಯುತ್ತಿರುತ್ತದೆ. ಇಂಥ ಕಾರಿಗೆ ಹೊಸ ರೇಡಿಯೇಟರು ಹಾಕಿಸುವುದೆಂದರೆ ಎಮ್ಮೆಗೆ ಬರೆ ಹಾಕುವುದೇ ಸರಿ. ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿ ಕಿಡಿಯ ಕಾಲವನ್ನು ಸರಿಪಡಿಸಲು ಬಿಡಿಭಾಗವೇನೂ ಬೇಕಾಗಿಲ್ಲ.

ಇನ್ನು ಎಲ್ಲಕ್ಕಿಂತ ಜನಪ್ರಿಯವಾದ ಬರೆಯನ್ನು ವಿಚಾರಿಸೋಣ. ಅದು ಥರ್ಮೋಸ್ಟಾಟನ್ನು ಕಿತ್ತುಹಾಕುವುದು. "ನಮ್ಮದು ಬಿಸಿಲಿನ ದೇಶ, ಇಲ್ಲಿ ಅದರ ಅಗತ್ಯವೇ ಇಲ್ಲ" ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಥರ್ಮೋಸ್ಟಾಟು ಸುಮಾರು ೮೦ ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳುವ ಬಾಗಿಲು. ಇನ್ನೂ ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದಿರುತ್ತದೆ. ಎಂಜಿನ್ನು ಕುದಿಯುತ್ತಿದೆ, ಥರ್ಮೋಸ್ಟಾಟು ಸರಿಯಾಗಿದೆ ಎಂದಾದರೆ, ಆ ಬಾಗಿಲು ಆಗಲೇ ತೆರೆದುಕೊಂಡಿದೆ. ತೆರೆದ ಬಾಗಿಲನ್ನು ಕಿತ್ತುಹಾಕಿದರೆ ದಾರಿ ಎಷ್ಟು ಅಗಲವಾದೀತು? ಕುದಿಯುವುದು ಸ್ವಲ್ಪ ತಡವಾದೀತೇ ಹೊರತು ನಿಲ್ಲಲಾರದು. ಆದರೆ ಬೆಳಗಿನ ತಂಪಿನಲ್ಲಿ ಎಂಜಿನ್ನು ಬೇಗ ಕಾಯುವುದಿಲ್ಲ; ಪೆಟ್ರೋಲು ಸರಿಯಾಗಿ ಆವಿಯಾಗದೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ; ಸವೆತ ಹೆಚ್ಚುತ್ತದೆ, ಪೆಟ್ರೋಲಿನ ಖರ್ಚೂ ಹೆಚ್ಚುತ್ತದೆ. ಜ್ವರ ಹೋಗಲಿಲ್ಲ, ಶೀತವೊಂದು ಬಂದು ಸೇರಿತು!

ಇದಕ್ಕೆ ವಿರುದ್ಧ ಪಕ್ಷದವರೂ ಇದ್ದಾರೆ. ಥರ್ಮೋಸ್ಟಾಟು ಇಲ್ಲದಿದ್ದರೆ ನೀರು ಅತಿವೇಗವಾಗಿ ಹರಿದು, ರೇಡಿಯೇಟರಿನಲ್ಲಿ ತಣಿಯಲು ಪುರಸೊತ್ತೇ ಸಿಗುವುದಿಲ್ಲ ಎನ್ನುತ್ತಾರೆ ಅವರು. ಅವರ ನಿರ್ಣಯ ಸರಿ; ಕಾರಣ ಮಾತ್ರ ತಪ್ಪು. ನೀರು ಹರಿಯುವುದು ಒಂದು ಮುಚ್ಚಿದ ಸುತ್ತಿನಲ್ಲಿ. ವೇಗ ಎರಡರಷ್ಟಾದರೆ, ಒಂದು ಸಲಕ್ಕೆ ರೇಡಿಯೇಟರಿನಲ್ಲಿ ಇರುವ ಕಾಲ ಅರ್ಧವಾಗುತ್ತದೆ, ನಿಜ. ಆದರೆ ಅದೇ ಅವಧಿಯಲ್ಲಿ ಎರಡು ಸಲ ಬಂದುಹೋಗುತ್ತದೆ. ನೀರು ತನ್ನ ಕಾಲದ ಎಷ್ಟನೆಯ ಪಾಲನ್ನು ರೇಡಿಯೇಟರಿನಲ್ಲಿ ಕಳೆಯುತ್ತದೆ ಎಂಬುದು ಬದಲಾಗುವುದೇ ಇಲ್ಲ. ವೇಗದ ಹರಿವು ಶಾಖದ ವಿನಿಮಯಕ್ಕೆ ಸಾಮಾನ್ಯವಾಗಿ ಅನುಕೂಲವೇ. ಹಾಗಿದ್ದರೂ ಥರ್ಮೋಸ್ಟಾಟನ್ನು ತೆಗೆದ ಮೇಲೆ ಕೆಲವು ಎಂಜಿನ್ನುಗಳು ಇನ್ನೂ ಬಿಸಿಯಾಗುವುದುಂಟು. ಕಾರಣವೇನೆಂದರೆ, ಕೆಲವು ಮಾದರಿಗಳಲ್ಲಿ ಥರ್ಮೋಸ್ಟಾಟು ರೇಡಿಯೇಟರಿನ ದಾರಿಯನ್ನು ತೆರೆಯುವುದರ ಜೊತೆಗೆ, ರೇಡಿಯೇಟರನ್ನು ತಪ್ಪಿಸಿ ಹೋಗುವ ಒಳದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಒಳದಾರಿ ಸದಾ ತೆರೆದಿದ್ದು, ಒಂದಷ್ಟು ನೀರು ತಣಿಯದೆಯೇ ಎಂಜಿನ್ನಿಗೆ ಮರಳುತ್ತದೆ. ಸರಿಯಾದ ಅನುಭವಕ್ಕೆ ತಪ್ಪು ವಿವರಣೆ ಅಂಟಿಕೊಂಡಿರುವುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ವಾದದಿಂದ ಪ್ರಯೋಗ ಮೇಲು. ಥರ್ಮೋಸ್ಟಾಟನ್ನು ಬಿಚ್ಚಿ, ನೀರು ತುಂಬಿದ ಪಾತ್ರೆಯಲ್ಲಿ ತಳಕ್ಕೆ ತಗಲದಂತೆ ದಾರದಿಂದ ತೂಗಿಬಿಡಿ, ಪಕ್ಕದಲ್ಲಿ ಉಷ್ಣತಾಮಾಪಕವಿರಲಿ. ಒಲೆಯ ಮೇಲೆ ನಿಧಾನವಾಗಿ ಕಾಯಿಸುತ್ತ, ಯಾವ ಉಷ್ಣತೆಯಲ್ಲಿ ಬಾಗಿಲು ತೆರೆಯಲು ಮೊದಲಾಯಿತು, ಯಾವುದರಲ್ಲಿ ಪೂರ್ತಿ ತೆರೆಯಿತು ಎಂದು ಬರೆದುಕೊಳ್ಳಿ. ತಣಿಯುವಾಗ ಮತ್ತೆ ಮುಚ್ಚಿಕೊಂಡಿತೇ ಎಂಬುದನ್ನೂ ನೋಡಿ. ಬಹಳ ಥರ್ಮೋಸ್ಟಾಟುಗಳ ಮೇಲೆ ತೆರೆಯುವ ಉಷ್ಣತೆಯನ್ನು ಅಚ್ಚೊತ್ತಿರುತ್ತಾರೆ. ಅರ್ಧ ಗಂಟೆಯ ಈ ಪ್ರಯೋಗ ಎಷ್ಟೋ ಗಂಟೆಗಳ ಚರ್ಚೆಯನ್ನು ಉಳಿಸುತ್ತದೆ.

ರೇಡಿಯೇಟರಿನ ಮುಚ್ಚಳದ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಇಲ್ಲಿ ಪ್ರಾಣಾಪಾಯವಿದೆ. ಒತ್ತಡ ಹೆಚ್ಚಿದರೆ ನೀರಿನ ಕುದಿಬಿಂದು ಏರುತ್ತದೆ. ಆ ಕಾಲದ ಅನೇಕ ಕಾರುಗಳ ಮುಚ್ಚಳ ಚದರ ಅಂಗುಲಕ್ಕೆ ೪ ಅಥವಾ ೭ ಪೌಂಡಿನಷ್ಟು ಹೆಚ್ಚಿನ ಒತ್ತಡವನ್ನು ಒಳಗೆ ಹಿಡಿದಿಡುತ್ತಿತ್ತು. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ನೀರು ಕುದಿಯುವುದು ೯೭ ಡಿಗ್ರಿಯಲ್ಲಿ. ೭ ಪೌಂಡಿನ ಮುಚ್ಚಳವಿದ್ದರೆ ಸುಮಾರು ೧೦೯ ಡಿಗ್ರಿಯಲ್ಲಿ. ಮುಚ್ಚಳದ ಸ್ಪ್ರಿಂಗು ದುರ್ಬಲವಾದರೆ ಈ ಹನ್ನೆರಡು ಡಿಗ್ರಿಗಳ ರಕ್ಷಣೆ ಹೋದಂತೆ. ಒಂದು ಸಣ್ಣ ಮುಚ್ಚಳಕ್ಕಾಗಿ ಎಂಜಿನ್ನನ್ನೇ ಬಿಚ್ಚಿದವರಿಲ್ಲದಿಲ್ಲ.

ಅದೇ ಮುಚ್ಚಳವನ್ನು ಬಿಸಿಯಲ್ಲಿ ತೆರೆದರೆ ಏನಾಗುತ್ತದೆ? ಒತ್ತಡ ತಟ್ಟನೆ ಇಳಿದು, ೧೦೯ ಡಿಗ್ರಿಯಲ್ಲಿದ್ದ ಎಂಟು ಲೀಟರ್ ನೀರು ಕ್ಷಣದಲ್ಲಿ ೯೭ಕ್ಕೆ ಇಳಿಯಬೇಕು. ಹೆಚ್ಚಿನ ಶಾಖವು ನೀರಿನ ನೂರಕ್ಕೆ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚನ್ನು ಆವಿಯಾಗಿಸುತ್ತದೆ. ಅಷ್ಟೇ ತಾನೆ ಎನ್ನಬೇಡಿ. ಆ ಆವಿಯ ಗಾತ್ರ ೩೦೦ ಲೀಟರಿಗಿಂತಲೂ ಹೆಚ್ಚು! ಅದು ಕುದಿಯುವ ನೀರನ್ನು ಮುಂದೆ ನೂಕಿಕೊಂಡು ತೆರೆದವನ ಮುಖಕ್ಕೆ ಹಾರುತ್ತದೆ. ಆದುದರಿಂದ ಎಂಜಿನ್ನು ತಣಿಯುವವರೆಗೆ ಮುಚ್ಚಳವನ್ನು ಮುಟ್ಟಕೂಡದು. ಎಂಜಿನ್ನು ನಿಲ್ಲಿಸಿದೊಡನೆ ಪಂಪೂ ಫ್ಯಾನೂ ನಿಲ್ಲುತ್ತವೆ. ಕಬ್ಬಿಣದಲ್ಲಿರುವ ಶಾಖ ನೀರಿಗೆ ಹರಿಯುತ್ತಲೇ ಇರುತ್ತದೆ. ಆದುದರಿಂದ ನಿಂತ ಮೇಲೂ ಕೆಲವು ನಿಮಿಷ ಉಷ್ಣತೆ ಏರಬಹುದು ಎಂಬುದನ್ನೂ ನೆನಪಿಡಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದಂತೂ ಕೂಡದು. ಎರಕದ ಕಬ್ಬಿಣ ಒಂದೆಡೆ ಕುಗ್ಗಿ ಒಂದೆಡೆ ಹಿಗ್ಗಿದ್ದರೆ ಬಿರುಕು ಬಿಡುವ ಭಯವಿದೆ.

ನಮ್ಮ ನಾಡಿನ ಹಳೆಯ ಕಾರುಗಳಿಗೆ ವಿಶೇಷವಾದ ಇನ್ನೊಂದು ಶತ್ರು ಗಡಸು ನೀರು. ಕೋಲಾರದಂಥ ಬಯಲುಸೀಮೆಯ ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವನ್ನು ಎಲ್ಲರೂ ನೋಡಿದ್ದೇವೆ. ಎಂಜಿನ್ನಿನೊಳಗೂ ಅದೇ ಕಟ್ಟುತ್ತದೆ. ಈ ಸುಣ್ಣದ ಪದರದ ಶಾಖವಾಹಕತೆ ಎರಕದ ಕಬ್ಬಿಣದ ಸುಮಾರು ಇಪ್ಪತ್ತೈದರಲ್ಲೊಂದು ಪಾಲು. ಒಂದು ಮಿಲಿಮೀಟರ್ ಪದರ ಕಟ್ಟಿದರೆ ಸಿಲಿಂಡರಿನ ಗೋಡೆಯನ್ನು ಒಂದು ಅಂಗುಲ ದಪ್ಪ ಮಾಡಿದಂತಾಯಿತು. ಬಟ್ಟಿಯಿಳಿಸಿದ ನೀರನ್ನೂ ತುಕ್ಕು ತಡೆಯುವ ದ್ರಾವಣವನ್ನೂ ಬಳಸಿದರೆ ಈ ರೋಗ ಬರುವುದೇ ಇಲ್ಲ. ಅಂಥ ದ್ರಾವಣಗಳಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಇಡಬೇಕು.

"ಡಿಸೆಂಬರಿನಲ್ಲಿ ಚೆನ್ನಾಗಿದ್ದ ಕಾರು ಏಪ್ರಿಲಿನಲ್ಲಿ ಕೆಟ್ಟಿತು" ಎಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಇದಕ್ಕೆ ನ್ಯೂಟನ್ನನ ತಣಿಯುವಿಕೆಯ ನಿಯಮವೇ ಉತ್ತರ ಹೇಳುತ್ತದೆ. ರೇಡಿಯೇಟರು ಹೊರಹಾಕುವ ಶಾಖ ನೀರಿಗೂ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಗುಣವಾಗಿರುತ್ತದೆ. ಘಟ್ಟ ಹತ್ತುವಾಗ, ಥರ್ಮೋಸ್ಟಾಟು ಪೂರ್ತಿ ತೆರೆದಿದ್ದು, ೬೫ ಡಿಗ್ರಿ ಅಂತರ ಬೇಕೆಂದು ಇಟ್ಟುಕೊಳ್ಳಿ. ಗಾಳಿ ೨೦ ಡಿಗ್ರಿ ಇದ್ದಾಗ ನೀರು ೮೫ರಲ್ಲಿ ನಿಲ್ಲುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆಯಂತೆ ಗಾಳಿ ೪೦ ಡಿಗ್ರಿಯಾದರೆ ನೀರು ೧೦೫ಕ್ಕೇರುತ್ತದೆ. ಮುಚ್ಚಳ ಸರಿಯಾಗಿದ್ದರೆ ಇದೂ ಸಹ್ಯವೇ. ಈಗ ಸುಣ್ಣ, ಧೂಳು, ಸಡಿಲ ಬೆಲ್ಟುಗಳು ಸೇರಿ ರೇಡಿಯೇಟರಿನ ಸಾಮರ್ಥ್ಯ ಕುಗ್ಗಿ, ಬೇಕಾದ ಅಂತರ ೭೮ ಡಿಗ್ರಿಯಾಯಿತೆನ್ನೋಣ. ಡಿಸೆಂಬರಿನಲ್ಲಿ ೯೮ ಡಿಗ್ರಿ, ಹೇಗೋ ಓಡಿತು. ಏಪ್ರಿಲಿನಲ್ಲಿ ೧೧೮ ಡಿಗ್ರಿ, ಕುದಿಯಿತು! ಕಾರು ಏಪ್ರಿಲಿನಲ್ಲಿ ಕೆಟ್ಟದ್ದಲ್ಲ. ವರ್ಷಗಳಿಂದ ಕೆಡುತ್ತ ಬಂದದ್ದು ಏಪ್ರಿಲಿನಲ್ಲಿ ಬಯಲಾಯಿತು.

ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಹಳೆಯ ಕಾರಿನ ಬಿಸಿಗೆ ಅನೇಕ ವೇಳೆ ಒಂದೇ ಅಪರಾಧಿ ಇರುವುದಿಲ್ಲ; ನಾಲ್ಕು ಸಣ್ಣ ದೋಷಗಳು ಕೂಡಿ ಒಂದು ದೊಡ್ಡ ರೋಗವಾಗಿರುತ್ತವೆ. ನಾಲ್ಕನ್ನೂ ಒಮ್ಮೆಗೇ ಬದಲಾಯಿಸಿದರೆ ಗುಣ ಕಂಡೀತು, ಕಾರಣ ಕಾಣದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಓಡಿಸಿ, ಗಾಳಿಯ ಉಷ್ಣತೆಯನ್ನೂ ನೀರಿನ ಉಷ್ಣತೆಯನ್ನೂ ಬರೆದಿಟ್ಟುಕೊಂಡರೆ, ಯಾವ ದೋಷಕ್ಕೆ ಎಷ್ಟು ಡಿಗ್ರಿ ಪಾಲು ಎಂಬುದು ಸ್ಪಷ್ಟವಾಗುತ್ತದೆ.

ನಮ್ಮ ಮಾತನ್ನು ಕೆಲವರು ಒಪ್ಪಲಿಕ್ಕಿಲ್ಲ. ಅನುಭವಿ ಮೆಕ್ಯಾನಿಕ್ಕು ಕಿವಿಯಿಂದ ಕೇಳಿಯೇ ರೋಗ ಹೇಳುತ್ತಾನೆ, ಅವನಿಗೆ ಸೂತ್ರಗಳೇಕೆ ಎಂದು ಅವರು ಕೇಳಬಹುದು. ಆ ಅನುಭವಕ್ಕೆ ನಮ್ಮ ಗೌರವ ಪೂರ್ಣವಾಗಿದೆ. ನಿಪುಣ ಮೆಕ್ಯಾನಿಕ್ಕು ಮನಸ್ಸಿನಲ್ಲಿ ಮಾಡುವುದೂ ಇದೇ ವಿಚಾರಣೆಯನ್ನೇ: ಯಾವಾಗ, ಎಲ್ಲಿ, ಏನು ಬದಲಾಯಿತು ಎಂದು. ಆದರೆ ಆ ಜ್ಞಾನ ಒಬ್ಬರ ಕೈಯಲ್ಲಿಯೇ ಉಳಿದರೆ ಅವರೊಂದಿಗೇ ಹೋಗುತ್ತದೆ. ಅಂಬಾಸಿಡರ್ ತಯಾರಿಕೆ ನಿಂತು ದಶಕ ಕಳೆದಿದೆ. ಅದನ್ನು ಬಲ್ಲ ತಲೆಮಾರು ವೃದ್ಧಾಪ್ಯಕ್ಕೆ ಕಾಲಿಟ್ಟಿದೆ. ಅವರ ಅನುಭವಕ್ಕೆ ಕಾರಣಗಳ ಎಳೆಯನ್ನು ಪೋಣಿಸಿ ಬರೆದಿಡುವ ಕೆಲಸ ಓದಿದವರದು. ಗ್ಯಾರೇಜಿನ ಕೈಗೂ ಕಾಲೇಜಿನ ಕೈಗೂ ನಡುವೆ ನಾವು ಎತ್ತಿಕೊಂಡಿರುವ ಗೋಡೆಯಿಂದ ನಷ್ಟವಾಗಿರುವುದು ಇಬ್ಬರಿಗೂ.

ಪ್ರತಿಯೊಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿಯೂ ಒಂದು ಹಳೆಯ ಎಂಜಿನ್ನು ಇರಲಿ ಎಂಬುದು ನಮ್ಮ ಸೂಚನೆ. ಕ್ಯಾಲೊರಿಮೀಟರಿನಲ್ಲಿ ನೂರು ಗ್ರಾಮ್ ನೀರನ್ನು ಕಲಕಿ ಅಂಕ ಪಡೆದ ವಿದ್ಯಾರ್ಥಿ, ಎಂಟು ಲೀಟರ್ ನೀರಿನ ಮುಂದೆಯೂ ಅದೇ ಸಮೀಕರಣವನ್ನು ಬರೆಯುವಂತಾಗಲಿ. ಅದು ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಹಳೆಯ ಕಾರೊಂದಿದ್ದರೆ, ಮುಂದಿನ ರಜೆಯಲ್ಲಿ ಮಾಲೀಕರ ಅಪ್ಪಣೆ ಪಡೆದು, ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು, ಮೇಲಿನ ಕೊಳವೆಯ ಉಷ್ಣತೆ ಎಷ್ಟು, ಕೆಳಗಿನದು ಎಷ್ಟು, ಗಾಳಿಯದು ಎಷ್ಟು ಎಂದು ಅಳೆದು ಬರೆದುಕೊಳ್ಳಿ. ತಣ್ಣಗಿರುವ ಕಾರಿನ ಈ ಮೂರು ಸಂಖ್ಯೆಗಳನ್ನು ಇಂದೇ ಬರೆದಿಟ್ಟುಕೊಂಡವನಿಗೆ, ಅದು ಮುಂದೊಂದು ದಿನ ಕುದಿದಾಗ ಹೋಲಿಸಿ ನೋಡಲು ಒಂದು ಆಧಾರವಿರುತ್ತದೆ. ಬರೆದಿಡದವನಿಗೆ ದಾರಿಹೋಕರ ಸಲಹೆಯೊಂದೇ ಆಧಾರ.